ಹತ್ತು ಲಕ್ಷ ನಾಣ್ಯ 64 ಆಗಿದ್ದು ಹೇಗೆ? ಲುವಾದಲ್ಲಿ ಸ್ಟ್ರಿಂಗ್ ತಪ್ಪು ಹುಡುಕುವ ಬಗೆ

ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಅದರಲ್ಲಿ ಅವನೇ ಬರೆದ ಒಂದು ಚಿಕ್ಕ ಗೇಮ್ ಇತ್ತು. ತೋಟದಲ್ಲಿ ಓಡುತ್ತಾ ನಾಣ್ಯ ಆರಿಸುವ ಹುಡುಗನ ಆಟ. ಪರೀಕ್ಷೆ ಮಾಡಲೆಂದು ತನ್ನ ಖಾತೆಗೆ ಹತ್ತು ಲಕ್ಷ ನಾಣ್ಯ ಹಾಕಿಕೊಂಡು, ಸೇವ್ ಮಾಡಿ, ಗೇಮ್ ಮುಚ್ಚಿದ್ದ. ಮತ್ತೆ ತೆರೆದಾಗ ಪರದೆಯ ಮೇಲೆ 64 ಅಂತ ಬಂತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಸುಮ್ನೆ 64.

ಎರಡು ದಿನದಿಂದ ಹುಡುಕುತ್ತಿದ್ದನಂತೆ. ಲೆಕ್ಕ ಹಾಕುವ ಸಾಲುಗಳನ್ನೆಲ್ಲ ಹತ್ತು ಸಲ ಓದಿದ್ದ. ತಪ್ಪು ಲೆಕ್ಕದಲ್ಲಿ ಇರಲೇ ಇಲ್ಲ. ಒಂದು ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸರಣಿಯನ್ನು, ನಂಬರ್ ಮಾಡುವ ಸಾಲಿನಲ್ಲಿ ಇತ್ತು, ಅಷ್ಟೇ. ಆ 64ರ ಗುಟ್ಟಿಗೆ ಆಮೇಲೆ ಬರುತ್ತೇನೆ. ಅದು ಅರ್ಥವಾಗಬೇಕಾದರೆ ಲುವಾ ಎಂಬ ಭಾಷೆ ಸ್ಟ್ರಿಂಗ್‌ಗಳ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂದು ಮೊದಲು ತಿಳಿಯಬೇಕು.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಅಂದರೆ ಚಂದ್ರ. ಚಿಕ್ಕದು, ವೇಗದ್ದು, ಇನ್ನೊಂದು ಪ್ರೋಗ್ರಾಮಿನ ಒಳಗೆ ಸುಲಭವಾಗಿ ಕೂರುತ್ತದೆ. ಹಾಗಾಗಿ ಗೇಮ್ ಮಾಡುವವರಿಗೆ ಅಚ್ಚುಮೆಚ್ಚು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಆಡ್‌ಆನ್‌ಗಳು ಲುವಾದಲ್ಲಿವೆ. ರೋಬ್ಲಾಕ್ಸ್‌ನಲ್ಲಿ ಬಳಸುವ ಲುವಾವ್ ಇದರದೇ ಕವಲು. ನಮ್ಮ ಹುಡುಗ ಬಳಸಿದ್ದು ಲವ್ ಎಂಬ ಉಚಿತ ಗೇಮ್ ಚೌಕಟ್ಟಿನ 11ನೇ ಆವೃತ್ತಿ. ಅದರ ಹೊಟ್ಟೆಯಲ್ಲಿರುವುದು ಲುವಾಜಿಟ್, ಅಂದರೆ ಲುವಾವನ್ನು ವೇಗವಾಗಿ ಓಡಿಸುವ ಎಂಜಿನ್.

ಓದಲು ಹಗುರಾಗಲಿ ಎಂದು ಇಲ್ಲಿ ಕೋಡಿನ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಲೋಕಲ್, ಪ್ರಿಂಟ್, ಟುನಂಬರ್ ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಲೇಬಲ್ ಇಲ್ಲದ ಡಬ್ಬಿ

ಅಡುಗೆಮನೆಯಲ್ಲಿ ಲೇಬಲ್ ಇಲ್ಲದ ಎರಡು ಡಬ್ಬಿಗಳಿವೆ ಎಂದುಕೊಳ್ಳಿ. ಒಂದರಲ್ಲಿ ಪುಡಿ ಉಪ್ಪು, ಇನ್ನೊಂದರಲ್ಲಿ ಪುಡಿ ಸಕ್ಕರೆ. ನೋಡಿದರೆ ಗೊತ್ತಾಗುವುದಿಲ್ಲ. ಲುವಾದ ವೇರಿಯೇಬಲ್‌ಗಳೂ, ಅಂದರೆ ಬೆಲೆ ಇಟ್ಟುಕೊಳ್ಳುವ ಹೆಸರುಗಳೂ, ಹೀಗೇ. ವೇರಿಯೇಬಲ್‌ಗೆ ಜಾತಿ ಇಲ್ಲ, ಒಳಗಿರುವ ಬೆಲೆಗೆ ಮಾತ್ರ ಇದೆ. ಈಗ ನಂಬರ್ ಇದ್ದ ಡಬ್ಬಿಯಲ್ಲಿ ಮುಂದಿನ ಸಾಲಿನಲ್ಲೇ ಸ್ಟ್ರಿಂಗ್ ಇರಬಹುದು. ಲುವಾ ತಡೆಯುವುದಿಲ್ಲ.

ಲೋಕಲ್ ಅ = 10
ಲೋಕಲ್ ಬ = "10"
ಪ್ರಿಂಟ್(ಅ, ಬ)

ಪರದೆಯ ಮೇಲೆ ಎರಡೂ 10 ಎಂದೇ ಕಾಣುತ್ತವೆ. ಪ್ರಿಂಟ್ ಮಾಡಿ ನೋಡಿ "ಸರಿಯಾಗೇ ಇದೆಯಲ್ಲಾ" ಅಂದುಕೊಳ್ಳುವವರು ಎಡವುವುದು ಇಲ್ಲೇ. ರುಚಿ ನೋಡಬೇಕಾದರೆ ಟೈಪ್ ಎಂಬ ಫಂಕ್ಷನ್ ಬೇಕು. ಪ್ರಿಂಟ್(ಟೈಪ್(ಬ)) ಎಂದರೆ ಸ್ಟ್ರಿಂಗ್ ಅಂತ ಉತ್ತರ ಬರುತ್ತದೆ. ಸ್ಟ್ರಿಂಗ್ ತಪ್ಪು ಹುಡುಕುವಾಗ ನಾನು ಮೊದಲು ಬರೆಯುವ ಸಾಲು ಯಾವಾಗಲೂ ಇದೇ: ಬೆಲೆ ಮತ್ತು ಅದರ ಟೈಪ್, ಎರಡನ್ನೂ ಒಟ್ಟಿಗೆ ಪ್ರಿಂಟ್ ಮಾಡುವುದು.

ಗೊಂದಲ ಜಾಸ್ತಿಯಾಗುವುದು ಲುವಾ ಕೆಲವು ಕಡೆ ಉದಾರವಾಗಿ, ಕೆಲವು ಕಡೆ ಕಟ್ಟುನಿಟ್ಟಾಗಿ ಇರುವುದರಿಂದ. "10" + 5 ಬರೆದರೆ ಅದು ಸ್ಟ್ರಿಂಗನ್ನು ತಾನೇ ನಂಬರ್ ಮಾಡಿಕೊಂಡು 15 ಕೊಡುತ್ತದೆ. 10 .. 5 ಬರೆದರೆ ಎರಡೂ ನಂಬರ್‌ಗಳನ್ನು ಸ್ಟ್ರಿಂಗ್ ಮಾಡಿ ಅಂಟಿಸಿ "105" ಕೊಡುತ್ತದೆ. ಎರಡು ಚುಕ್ಕಿ ಅಂದರೆ ಲುವಾದಲ್ಲಿ ಅಂಟಿಸುವ ಗುರುತು. ಬೇರೆ ಭಾಷೆಗಳಿಂದ ಬಂದವರು ಅಂಟಿಸಲು ಕೂಡುವ ಗುರುತು ಹಾಕಿ, "ಅಟೆಂಪ್ಟ್ ಟು ಪರ್ಫಾರ್ಮ್ ಅರಿತ್ಮೆಟಿಕ್" ಎಂಬ ಎರರ್ ತಿನ್ನುತ್ತಾರೆ. "ರಾಮ" + 5 ಅನ್ನು ಕೂಡಲು ಹೋಗಿ ಸೋತೆ ಎಂದು ಲುವಾ ಹೇಳುವ ರೀತಿ ಅದು. ಇನ್ನೊಂದು ಚಿಕ್ಕ ವಿಷಯ: 10..5 ಎಂದು ಜಾಗ ಬಿಡದೆ ಬರೆದರೆ, ಅದನ್ನು ದಶಮಾಂಶದ ಚುಕ್ಕಿ ಎಂದು ಓದಲು ಹೋಗಿ "ಮಾಲ್‌ಫಾರ್ಮ್ಡ್ ನಂಬರ್" ಅನ್ನುತ್ತದೆ. ಮಧ್ಯೆ ಜಾಗ ಬಿಟ್ಟರೆ ಸಾಕು.

ಹೋಲಿಸುವಾಗ ಮಾತ್ರ ಈ ಉದಾರತೆ ಮಾಯ. "10" == 10 ಯಾವತ್ತೂ ಸುಳ್ಳು. ಎರರ್ ಬರುವುದಿಲ್ಲ, ನಿಮ್ಮ ಇಫ್ ಒಳಗಿನ ಸಾಲುಗಳು ಓಡುವುದೇ ಇಲ್ಲ. "10" < 20 ಬರೆದರೆ ಸ್ಟ್ರಿಂಗನ್ನೂ ನಂಬರನ್ನೂ ಹೋಲಿಸಲಾರೆ ಎಂದು ಗೇಮ್ ನಿಲ್ಲುತ್ತದೆ. ಇದು ಒಳ್ಳೆಯದೇ, ತಪ್ಪು ಅಲ್ಲೇ ಕಾಣುತ್ತದೆ. ಎರಡೂ ಕಡೆ ಸ್ಟ್ರಿಂಗ್ ಇದ್ದಾಗ ಕಷ್ಟ. ಆಗ ಲುವಾ ನಿಘಂಟಿನಲ್ಲಿ ಪದ ಜೋಡಿಸುವ ಹಾಗೆ ಹೋಲಿಸುತ್ತದೆ. ಮೊದಲ ಅಂಕಿ ನೋಡುತ್ತದೆ, 1 ಎಂಬುದು 9ಕ್ಕಿಂತ ಮುಂಚೆ ಬರುತ್ತದೆ, ಆದ್ದರಿಂದ "1000" ಚಿಕ್ಕದು, "90" ದೊಡ್ಡದು. ಹೈಸ್ಕೋರ್ ಪಟ್ಟಿಯಲ್ಲಿ 90 ಅಂಕದವನು ಸಾವಿರ ಅಂಕದವನ ಮೇಲೆ ಕೂತಿದ್ದರೆ ಬೇರೆಲ್ಲೂ ಹುಡುಕಬೇಡಿ. ಅಂಕಗಳು ಸ್ಟ್ರಿಂಗ್ ಆಗಿಯೇ ಉಳಿದಿವೆ.

ಟೇಬಲ್ ಅಂದರೆ ಬೆಲೆಗಳ ಪಟ್ಟಿ, ಕೀ ಅಂದರೆ ಅದರಲ್ಲಿ ಬೆಲೆ ಹುಡುಕುವ ಗುರುತು. ಅಲ್ಲೂ ಇದೇ ಕಥೆ. ಪಟ್ಟಿ[1] ಬೇರೆ, ಪಟ್ಟಿ["1"] ಬೇರೆ. ಜೇಸನ್ ಎಂಬ ಪಠ್ಯರೂಪದಲ್ಲಿ ಸೇವ್ ಮಾಡುವವರು ಇದನ್ನು ಗಮನಿಸಬೇಕು, ಯಾಕೆಂದರೆ ಜೇಸನ್ ಆಬ್ಜೆಕ್ಟ್‌ನಲ್ಲಿ ಕೀ ಯಾವಾಗಲೂ ಸ್ಟ್ರಿಂಗ್. ಆಟಗಾರನ ನಂಬರನ್ನು ಕೀ ಮಾಡಿ ಸೇವ್ ಮಾಡಿದರೆ, ವಾಪಸ್ ಓದಿದಾಗ ಆ ಕೀ ಸ್ಟ್ರಿಂಗ್ ಆಗಿರಬಹುದು. ಆಗ ನಂಬರ್ ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ.

ನಿಲ್ ಎಂಬ ಖಾಲಿತನ

ಹೊಸಬರು ಅತಿ ಹೆಚ್ಚು ನೋಡುವ ಎರರ್ ಇದು: "ಅಟೆಂಪ್ಟ್ ಟು ಕಾಂಕ್ಯಾಟಿನೇಟ್ ಗ್ಲೋಬಲ್ 'ಹೆಸರು', ಎ ನಿಲ್ ವ್ಯಾಲ್ಯೂ". ಲುವಾ 5.4ರಲ್ಲಿ ಪದಗಳ ಸಾಲು ಸ್ವಲ್ಪ ಬೇರೆ, ರೋಬ್ಲಾಕ್ಸ್‌ನಲ್ಲಿ ಇನ್ನೂ ಚಿಕ್ಕದು. ಅರ್ಥ ಒಂದೇ. ಅಂಟಿಸಲು ಹೋದೆ, ಡಬ್ಬಿ ಖಾಲಿ ಇತ್ತು.

ಗಾಬರಿಯಲ್ಲಿ ಎಲ್ಲರೂ ಕೊನೆಯ "ನಿಲ್" ಮಾತ್ರ ಓದುತ್ತಾರೆ. ನಾನು ಹೇಳುವುದು, ಮಧ್ಯದ ಪದ ಓದಿ ಅಂತ. ಅಲ್ಲಿ "ಗ್ಲೋಬಲ್" ಎಂದಿದೆಯೋ, "ಲೋಕಲ್" ಎಂದಿದೆಯೋ, "ಫೀಲ್ಡ್" ಎಂದಿದೆಯೋ ನೋಡಿ. ಲೋಕಲ್ ಎಂದರೆ ಬರೆದ ತುಂಡಿನ ಒಳಗೆ ಮಾತ್ರ ಬದುಕುವ ವೇರಿಯೇಬಲ್, ಗ್ಲೋಬಲ್ ಎಂದರೆ ಎಲ್ಲೆಡೆ ಕಾಣುವುದು. ನೀವು ಲೋಕಲ್ ಎಂದು ಘೋಷಿಸಿದ ವೇರಿಯೇಬಲನ್ನು ಎರರ್ "ಗ್ಲೋಬಲ್" ಅನ್ನುತ್ತಿದ್ದರೆ, ಲುವಾ ನೋಡುತ್ತಿರುವುದು ನಿಮ್ಮ ವೇರಿಯೇಬಲನ್ನೇ ಅಲ್ಲ. ಆ ಒಂದು ಪದದಲ್ಲಿ ಅರ್ಧ ಉತ್ತರ ಇದೆ.

ಹೀಗಾಗಲು ಮುಖ್ಯವಾಗಿ ಎರಡು ಕಾರಣ. ಒಂದು, ಕಾಗುಣಿತ. ಘೋಷಿಸುವಾಗ ಒಂದು ರೀತಿ, ಬಳಸುವಾಗ ಇನ್ನೊಂದು ರೀತಿ. ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಇಲ್ಲದ ಹೆಸರನ್ನು ಕೇಳಿದರೆ ಲುವಾ ಜಗಳ ಮಾಡುವುದಿಲ್ಲ, ತಣ್ಣಗೆ ನಿಲ್ ಕೊಡುತ್ತದೆ. ಆ ನಿಲ್ ಎಲ್ಲೆಲ್ಲೋ ಸುತ್ತಾಡಿ, ಐವತ್ತು ಸಾಲು ಕೆಳಗೆ, ಅಂಟಿಸುವ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಎರಡು, ವ್ಯಾಪ್ತಿ:

ಇಫ್ ಗೆದ್ದ ದೆನ್
  ಲೋಕಲ್ ಸಂದೇಶ = "ಶಭಾಷ್!"
ಎಂಡ್
ಪ್ರಿಂಟ್("ಫಲಿತಾಂಶ: " .. ಸಂದೇಶ)

ಎಂಡ್ ಬಂದ ಕೂಡಲೇ ಆ ಸಂದೇಶ ಮುಗಿಯಿತು. ಕೊನೆಯ ಸಾಲು ಹುಡುಕುವುದು ಬೇರೆಯೇ ಒಂದು ಗ್ಲೋಬಲ್ ಸಂದೇಶವನ್ನು, ಅದು ಇಲ್ಲ. ಲೋಕಲ್ ಸಂದೇಶ = "" ಎಂಬ ಸಾಲನ್ನು ಇಫ್‌ಗಿಂತ ಮೇಲೆ ಬರೆದು, ಒಳಗೆ ಲೋಕಲ್ ಪದ ತೆಗೆದು ಬೆಲೆ ಮಾತ್ರ ಕೊಟ್ಟರೆ ಸರಿಹೋಗುತ್ತದೆ.

ಎರರ್‌ನಲ್ಲಿ ಲೋಕಲ್ ಎಂದೇ ಬಂದರೆ ಆ ಬೆಲೆ ಕೊಟ್ಟ ಫಂಕ್ಷನ್ ಕಡೆ ನೋಡಿ. ಒಂದು ದಾರಿಯಲ್ಲಿ ರಿಟರ್ನ್ ಇದ್ದು, ಎಲ್ಸ್ ದಾರಿಯಲ್ಲಿ ಮರೆತುಹೋಗಿರುತ್ತದೆ. ಫೀಲ್ಡ್ ಎಂದು ಬಂದರೆ ಟೇಬಲ್ ಇದೆ, ಅದರೊಳಗೆ ಆ ಹೆಸರಿನ ಕೀ ಇಲ್ಲ ಎಂದರ್ಥ.

ಇದಕ್ಕೆ ಬಹಳ ಜನ ಕೊಡುವ ಮದ್ದು, (ಹೆಸರು ಆರ್ "ಅತಿಥಿ") ಎಂದು ಬರೆಯುವುದು. ನಿಲ್ ಆದರೆ "ಅತಿಥಿ" ಬಳಸು ಎಂದು. ಆಟಗಾರ ಹೆಸರು ಕೊಡದೇ ಇರುವುದು ಸಹಜವಾದ ಜಾಗದಲ್ಲಿ ಇದು ಸರಿ. ಆದರೆ ಎರರ್ ಬಂದ ಕಡೆಯೆಲ್ಲ ಇದನ್ನು ಮೆತ್ತುವುದು ನನಗೆ ಒಪ್ಪಿಗೆಯಿಲ್ಲ. ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟ ಹಾಗೆ ಅದು. ಹೆಸರು ಇರಲೇಬೇಕಾದ ಜಾಗದಲ್ಲಿ ನಿಲ್ ಬಂದರೆ ಗೇಮ್ ನಿಲ್ಲಲಿ. ಅಸರ್ಟ್(ಹೆಸರು, "ಹೆಸರು ಬಂದಿಲ್ಲ") ಎಂದು ಬೆಲೆ ಒಳಗೆ ಬರುವ ಬಾಗಿಲಲ್ಲೇ ಬರೆದರೆ, ಐವತ್ತು ಸಾಲಿನ ಆಚೆ ಹುಡುಕುವ ಕಷ್ಟ ತಪ್ಪುತ್ತದೆ.

ಇನ್ನೊಂದು ಮಾತು. ಖಾಲಿ ಸ್ಟ್ರಿಂಗ್ "" ಮತ್ತು ನಿಲ್ ಒಂದೇ ಅಲ್ಲ. ಲುವಾದಲ್ಲಿ ಖಾಲಿ ಸ್ಟ್ರಿಂಗ್ ಕೂಡ ನಿಜವೇ, ಸೊನ್ನೆ ಕೂಡ ನಿಜವೇ. ಇಫ್ ಹೆಸರು ದೆನ್ ಎಂದು ಮಾತ್ರ ಪರೀಕ್ಷಿಸಿದರೆ, ಏನೂ ಟೈಪ್ ಮಾಡದೆ ಎಂಟರ್ ಒತ್ತಿದವನೂ ಒಳಗೆ ಬರುತ್ತಾನೆ.

ಈಗ ಆ 64

ಹುಡುಗ ನಾಣ್ಯಗಳನ್ನು ಅಂದವಾಗಿ ತೋರಿಸಲು ನಮ್ಮ ಪದ್ಧತಿಯಂತೆ ಅಲ್ಪವಿರಾಮ ಹಾಕಿದ್ದ: "10,00,000". ಸೇವ್ ಮಾಡಿದ್ದೂ ಈ ಸ್ಟ್ರಿಂಗನ್ನೇ. ಓದುವಾಗ ಅಲ್ಪವಿರಾಮ ತೆಗೆದು ನಂಬರ್ ಮಾಡುವ ಸಾಲು ಹೀಗಿತ್ತು:

ನಾಣ್ಯ = ಟುನಂಬರ್(ಪಠ್ಯ:ಜಿಸಬ್(",", ""))

ನೋಡಲು ಸರಿಯಾಗೇ ಇದೆ, ಅಲ್ವಾ? ಜಿಸಬ್ ಅಲ್ಪವಿರಾಮ ತೆಗೆಯುತ್ತದೆ, ಟುನಂಬರ್ ಅದನ್ನು ನಂಬರ್ ಮಾಡುತ್ತದೆ. ಆದರೆ ಲುವಾದಲ್ಲಿ ಒಂದು ಫಂಕ್ಷನ್ ಎರಡು ಬೆಲೆಗಳನ್ನು ಹಿಂದಿರುಗಿಸಬಹುದು, ಜಿಸಬ್ ಮಾಡುವುದೂ ಅದನ್ನೇ. ಮೊದಲನೆಯದು ಬದಲಾದ ಸ್ಟ್ರಿಂಗ್. ಎರಡನೆಯದು ಎಷ್ಟು ಕಡೆ ಬದಲಾಯಿಸಿದೆ ಎಂಬ ಲೆಕ್ಕ. ಇಲ್ಲಿ ಎರಡು ಅಲ್ಪವಿರಾಮ ಇದ್ದವು, ಲೆಕ್ಕ 2. ಎರಡೂ ಸೇರಿ ಟುನಂಬರ್ ಒಳಗೆ ಹೋದವು. ಟುನಂಬರ್‌ಗೆ ಎರಡನೇ ಬೆಲೆ ಕೊಟ್ಟರೆ ಅದು ಯಾವ ಸಂಖ್ಯಾಪದ್ಧತಿಯಲ್ಲಿ ಓದಬೇಕು ಎಂಬ ಸೂಚನೆ. ಅಂದರೆ ನಡೆದದ್ದು ಇದು: ಟುನಂಬರ್("1000000", 2).

ಒಂದರ ಮುಂದೆ ಆರು ಸೊನ್ನೆ. ಸೊನ್ನೆ-ಒಂದರ ಬೈನರಿ ಪದ್ಧತಿಯಲ್ಲಿ ಓದಿದರೆ ಎರಡನ್ನು ಆರು ಸಲ ಗುಣಿಸಿದ ಹಾಗೆ. 64!

ಅವನಿಗೆ ಇದನ್ನು ತೋರಿಸಿದಾಗ ಕಣ್ಣರಳಿಸಿ ಕೂತ. ನನಗೂ ಅಷ್ಟೇ ಖುಷಿಯಾಯಿತು. ನಮ್ಮ ಲಕ್ಷದ ಅಲ್ಪವಿರಾಮವೇ ಕಾರಣವಾಗಿತ್ತು ನೋಡಿ. ಅದೇ ಸಾಲಿಗೆ "25,00,000" ಕೊಟ್ಟರೆ ನಿಲ್ ಬರುತ್ತದೆ, ಯಾಕೆಂದರೆ ಬೈನರಿಯಲ್ಲಿ 5 ಎಂಬ ಅಂಕಿಯೇ ಇಲ್ಲ. "1,000" ಕೊಟ್ಟರೆ ಲೆಕ್ಕ 1, ಆಗ "ಬೇಸ್ ಔಟ್ ಆಫ್ ರೇಂಜ್" ಎಂಬ ಎರರ್. ಅಲ್ಪವಿರಾಮವೇ ಇಲ್ಲದ "500" ಕೊಟ್ಟರೂ ಲೆಕ್ಕ 0, ಅದೇ ಎರರ್. ಒಂದೇ ತಪ್ಪಿಗೆ ಮೂರು ಮುಖ. ಅದಕ್ಕೇ ಅವನಿಗೆ ಇವು ಮೂರು ಬೇರೆ ಬೇರೆ ತೊಂದರೆಗಳಂತೆ ಕಂಡಿದ್ದವು.

ಪರಿಹಾರ ಒಂದು ಜೊತೆ ಆವರಣ. ಟುನಂಬರ್((ಪಠ್ಯ:ಜಿಸಬ್(",", ""))) ಎಂದು ಬರೆದರೆ ಒಳಗಿನ ಆವರಣ ಮೊದಲ ಬೆಲೆ ಮಾತ್ರ ಉಳಿಸಿಕೊಳ್ಳುತ್ತದೆ. ಇನ್ನೂ ಒಳ್ಳೆಯದು, ಸೇವ್ ಮಾಡುವಾಗ ಶುದ್ಧ ನಂಬರನ್ನೇ ಇಡುವುದು. ಅಲ್ಪವಿರಾಮ ತೋರಿಸಲು ಮಾತ್ರ, ಲೆಕ್ಕಕ್ಕಲ್ಲ.

ಜಿಸಬ್ ಬಗ್ಗೆ ಇನ್ನೊಂದು ಎಚ್ಚರ. ಅದು ಹುಡುಕುವುದು ಮಾದರಿಯನ್ನು, ಬರೀ ಅಕ್ಷರವನ್ನಲ್ಲ. ಚುಕ್ಕಿ ಎಂದರೆ ಅದಕ್ಕೆ "ಯಾವುದಾದರೂ ಒಂದು ಅಕ್ಷರ". ಚುಕ್ಕಿ ತೆಗೆಯಲು ಪಠ್ಯ:ಜಿಸಬ್(".", "") ಬರೆದರೆ ಇಡೀ ಸ್ಟ್ರಿಂಗೇ ಖಾಲಿಯಾಗುತ್ತದೆ. "%." ಎಂದು ಶೇಕಡಾ ಚಿಹ್ನೆ ಮುಂದೆ ಹಾಕಬೇಕು. ಹಾಗೆಯೇ ಸ್ಟ್ರಿಂಗ್ ಲುವಾದಲ್ಲಿ ಬದಲಾಗುವ ವಸ್ತುವಲ್ಲ. ಜಿಸಬ್ ಹಳೆಯದನ್ನು ತಿದ್ದುವುದಿಲ್ಲ, ಹೊಸದನ್ನು ಕೊಡುತ್ತದೆ. ಅದನ್ನು ಒಂದು ವೇರಿಯೇಬಲ್‌ಗೆ ಹಿಡಿದಿಡದಿದ್ದರೆ ಮಾಡಿದ ಕೆಲಸ ವ್ಯರ್ಥ.

ಟುನಂಬರ್ ಸುತ್ತಲಿನ ಜಾಗಗಳನ್ನು ಮನ್ನಿಸುತ್ತದೆ, " 10 " ಕೊಟ್ಟರೂ 10 ಬರುತ್ತದೆ. "10 ರೂ" ಕೊಟ್ಟರೆ ನಿಲ್. ಕನ್ನಡ ಅಂಕಿಯಲ್ಲಿ "೧೦" ಕೊಟ್ಟರೂ ನಿಲ್. ಕನ್ನಡದಲ್ಲಿ ಗೇಮ್ ಮಾಡಿ, ಆಟಗಾರರು ಕನ್ನಡ ಕೀಬೋರ್ಡಿನಲ್ಲಿ ವಯಸ್ಸು ಟೈಪ್ ಮಾಡುತ್ತಾರೆ ಎಂದಾದರೆ ಇದನ್ನು ನೀವೇ ನಿಭಾಯಿಸಬೇಕು. ೦ಯಿಂದ ೯ರವರೆಗೆ ಒಂದೊಂದನ್ನೂ ಜಿಸಬ್‌ನಿಂದ ಬದಲಾಯಿಸಿ, ಆಮೇಲೆ ಟುನಂಬರ್‌ಗೆ ಕೊಡಿ. [೦-೯] ಎಂದು ಒಂದೇ ಏಟಿಗೆ ಹಿಡಿಯಲು ಹೋಗಬೇಡಿ. ಆ ಚೌಕ ಆವರಣ ನೋಡುವುದು ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಅಕ್ಷರವನ್ನು ಇಟ್ಟುಕೊಳ್ಳುವ ಚಿಕ್ಕ ತುಂಡುಗಳನ್ನು, ಅಕ್ಷರಗಳನ್ನಲ್ಲ.

ಕಣ್ಣಿಗೆ ಕಾಣದ ತಪ್ಪುಗಳು

ವಾಟ್ಸ್ಆ್ಯಪ್‌ನಲ್ಲೋ ವರ್ಡ್‌ನಲ್ಲೋ ಬಂದ ಕೋಡನ್ನು ಹಾಗೇ ಅಂಟಿಸಿದರೆ ನೇರ ಉದ್ಧರಣ ಚಿಹ್ನೆಯ ಜಾಗದಲ್ಲಿ ಬಾಗಿದ ಚಿಹ್ನೆ ಬಂದಿರಬಹುದು. ಲುವಾ 5.4 ಇದಕ್ಕೆ "ಅನ್‌ಎಕ್ಸ್‌ಪೆಕ್ಟೆಡ್ ಸಿಂಬಲ್" ಎಂದು ಹೇಳಿ 226 ಎಂಬ ಬೈಟ್ ತೋರಿಸುತ್ತದೆ. ಆ 226 ಕಂಡರೆ ಮೊದಲು ಉದ್ಧರಣ ಚಿಹ್ನೆಗಳನ್ನು ನೋಡಿ. ಲುವಾಜಿಟ್ ಇನ್ನೂ ವಿಚಿತ್ರ. ಅದು ಇಂಗ್ಲಿಷ್ ಅಲ್ಲದ ಬೈಟ್‌ಗಳನ್ನೂ ವೇರಿಯೇಬಲ್ ಹೆಸರಿನಲ್ಲಿ ಒಪ್ಪುತ್ತದೆ. ಹಾಗಾಗಿ ಪ್ರಿಂಟ್(“ನಮಸ್ಕಾರ”) ಎಂದು ಬಾಗಿದ ಚಿಹ್ನೆಯಲ್ಲಿ ಬರೆದರೆ, ಚಿಹ್ನೆಗಳೂ ಸೇರಿದ ಹೆಸರಿನ ವೇರಿಯೇಬಲ್ ಅದು ಎಂದುಕೊಂಡು ನಿಲ್ ಎಂದು ಪ್ರಿಂಟ್ ಮಾಡುತ್ತದೆ.

ಎರಡು ಸ್ಟ್ರಿಂಗ್ ಒಂದೇ ಥರ ಕಂಡರೂ == ಸುಳ್ಳು ಅನ್ನುತ್ತಿದೆಯೇ? ಫೈಲ್‌ನಿಂದ ಓದಿದ ಸಾಲಿನ ಕೊನೆಯಲ್ಲಿ ವಿಂಡೋಸ್‌ನ ಸಾಲುಮುರಿತದ ಚೂರು ಅಂಟಿಕೊಂಡಿರಬಹುದು. ಪ್ರಿಂಟ್("[" .. ಪಠ್ಯ .. "]", #ಪಠ್ಯ) ಎಂದು ಬರೆದು ನೋಡಿ. ಕೊನೆಯ ಆವರಣ ಜಾಗ ತಪ್ಪಿದ್ದರೆ ಅಥವಾ ಉದ್ದ ಹೆಚ್ಚಿದ್ದರೆ ಗೊತ್ತಾಯಿತಲ್ಲ.

ಕನ್ನಡದಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ಒಂದಿದೆ. "ಕೋ" ಬರೆಯುವಾಗ ಓ ಸ್ವರದ ಗುರುತು, ಪ್ರತಿ ಚಿಹ್ನೆಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ, 3275 ಎಂಬ ಒಂದೇ ಸಂಖ್ಯೆಯಾಗಿ ಇರಬಹುದು. ಅಥವಾ 3270, 3266, 3285 ಎಂಬ ಮೂರು ತುಂಡುಗಳಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಕೋ. ಲುವಾಗೆ ಎರಡೂ ಬೇರೆ. "ರ‍್ಯಾಂಕ್" ಥರದ ಪದದಲ್ಲಿ ಕಾಣದ ಜೋಡಕ ಚಿಹ್ನೆ 8205 ಸೇರಿರುತ್ತದೆ, ಅದೂ ಇದೇ ಜಗಳ ತರುತ್ತದೆ. ಪದ ಊಹಿಸುವ ಕನ್ನಡ ಗೇಮ್ ಮಾಡುವವರು ಉತ್ತರ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇಲ್ಲವಾದರೆ ಸರಿ ಉತ್ತರ ಬರೆದ ಮಗುವಿಗೆ "ತಪ್ಪು" ಎಂದು ಹೇಳಿದ ಹಾಗಾಗುತ್ತದೆ. ನನಗೆ ಅದು ಗೇಮ್ ಕ್ರ್ಯಾಶ್ ಆಗುವುದಕ್ಕಿಂತ ಕೆಟ್ಟದ್ದು. ರೋಬ್ಲಾಕ್ಸ್‌ನಲ್ಲಿ ಮೊದಲನೆಯ ತೊಂದರೆಗೆ ಯುಟಿಎಫ್8.ಎನ್‌ಎಫ್‌ಸಿನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಲವ್‌ನಲ್ಲಿ ಆ ಮೂರು ತುಂಡುಗಳನ್ನು ಒಂದಾಗಿಸುವ ಜಿಸಬ್ ನಾವೇ ಬರೆಯಬೇಕು. 8205 ಅನ್ನು ಎರಡೂ ಕಡೆ ತೆಗೆದು ಹೋಲಿಸಿದರೆ ಆಯಿತು.

"ಕನ್ನಡ" ಎಷ್ಟು ಉದ್ದ?

#"ಕನ್ನಡ" ಎಂದು ಕೇಳಿದರೆ ಲುವಾ 15 ಅನ್ನುತ್ತದೆ. ನಾವು ಓದುವುದು ಮೂರು ಅಕ್ಷರ. ಲುವಾದ # ಎಣಿಸುವುದು ಬೈಟ್‌ಗಳನ್ನು, ಚಿಹ್ನೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಕ, ನ, ವಿರಾಮದ ಗುರುತು, ಮತ್ತೆ ನ, ಡ. ಐದು ಚಿಹ್ನೆ, ಹದಿನೈದು ಬೈಟ್.

ಹುಡುಗನ ಗೇಮಿನ ಸಂಭಾಷಣೆಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮ ಇತ್ತು. ಇಂಗ್ಲಿಷ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಕನ್ನಡ ಹಾಕಿದ ಕೂಡಲೇ ಲವ್‌ನ ನೀಲಿ ಪರದೆ, "ಯುಟಿಎಫ್-8 ಡಿಕೋಡಿಂಗ್ ಎರರ್". ಪಠ್ಯ:ಸಬ್(1, 1) ಎಂದರೆ ಕ ಅಕ್ಷರದ ಮೂರನೇ ಒಂದು ಭಾಗ ಮಾತ್ರ, ಅದನ್ನು ಬರೆದು ತೋರಿಸಲು ಆಗುವುದಿಲ್ಲ.

ಲವ್ ಜೊತೆಗೇ ಬರುವ ಯುಟಿಎಫ್8 ಮಾಡ್ಯೂಲ್ ಇಲ್ಲಿ ನೆರವಿಗಿದೆ. ಮೂಲ ಲುವಾಗೆ ಇದು ಬಂದದ್ದು 5.3ರಲ್ಲಿ. ಯುಟಿಎಫ್8.ಲೆನ್ ಕೇಳಿದರೆ 5 ಬರುತ್ತದೆ. ಮೊದಲ ಎನ್ ಚಿಹ್ನೆ ಬೇಕಾದರೆ ಹೀಗೆ:

ಪಠ್ಯ:ಸಬ್(1, ಯುಟಿಎಫ್8.ಆಫ್‌ಸೆಟ್(ಪಠ್ಯ, ಎನ್ + 1) - 1)

ಕ್ರ್ಯಾಶ್ ನಿಂತಿತು. ಆದರೆ ಕನ್ನಡ ಬಲ್ಲವರ ಕಣ್ಣಿಗೆ ಸಮಾಧಾನ ಇರಲಿಲ್ಲ. ಮೊದಲು "ಕನ", ಆಮೇಲೆ "ಕನ್", ಆಮೇಲೆ "ಕನ್ನ" ಎಂದು ಮಿನುಗುತ್ತಿತ್ತು. ನಾವು ಆ ಕ್ರಮದಲ್ಲಿ ಓದುವುದಿಲ್ಲವಲ್ಲ. ರೋಬ್ಲಾಕ್ಸ್‌ನ ಟೆಕ್ಸ್ಟ್‌ಲೇಬಲ್‌ನಲ್ಲಿ ಮ್ಯಾಕ್ಸ್‌ವಿಸಿಬಲ್‌ಗ್ರಾಫೀಮ್ಸ್ ಎಂಬ ಸೌಲಭ್ಯ ಇದೆ, ಸ್ಟ್ರಿಂಗ್ ಕತ್ತರಿಸದೆಯೇ ಈ ಪರಿಣಾಮ ಕೊಡಬಹುದು. ಲವ್‌ನಲ್ಲಿ ನಾವು ಒಂದು ನಿಯಮ ಬರೆದೆವು. ಮುಂದಿನ ಚಿಹ್ನೆಯ ಸಂಖ್ಯೆ 3262ರಿಂದ 3277ರ ಒಳಗಿದ್ದರೆ, ಅಂದರೆ ಸ್ವರದ ಗುರುತೋ ವಿರಾಮವೋ ಆಗಿದ್ದರೆ, ಅಲ್ಲಿ ನಿಲ್ಲಬೇಡ. 3202, 3203 ಆಗಿದ್ದರೂ ನಿಲ್ಲಬೇಡ, ಅವು ಅನುಸ್ವಾರ, ವಿಸರ್ಗ. ಈಗಷ್ಟೇ ದಾಟಿದ್ದು 3277 ಆಗಿದ್ದು ಮುಂದೆ ವ್ಯಂಜನ ಇದ್ದರೆ, ಅದನ್ನೂ ಸೇರಿಸಿಕೋ. ಲವ್ 11 ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ಚಿತ್ರಿಸುವುದಿಲ್ಲ. ಅದು ಚಿತ್ರಿಸುವ ಭಾಗದ ಮಿತಿ, ಸ್ಟ್ರಿಂಗ್‌ನ ತಪ್ಪಲ್ಲ. ಹಾಗಾಗಿ ಒತ್ತಕ್ಷರದ ಸಾಲುಗಳನ್ನು ಅವನು ಚಿತ್ರಗಳಾಗಿ ಮಾಡಿಕೊಂಡ, ಉಳಿದ ಸಾಲುಗಳಿಗೆ ಈ ನಿಯಮ ಇಟ್ಟುಕೊಂಡ.

ಸಂಜೆ ಹೊತ್ತಿಗೆ ಗೇಮ್ ಮುಚ್ಚಿ ಮತ್ತೆ ತೆರೆದ. "ಬಾ ಗೆಳೆಯಾ, ತೋಟ ನೋಡು" ಎಂಬ ಸಾಲು ಅಕ್ಷರ ಅಕ್ಷರವಾಗಿ ಮೂಡಿತು. ಮೇಲಿನ ಮೂಲೆಯಲ್ಲಿ 10,00,000 ಇತ್ತು.